ತೋಟದ ಕೆರೆಯ ಏರಿ: ಖಾಸಗಿ ಮಣ್ಣಿನ ಒಡ್ಡನ್ನು ಕಾಯುವ ಬಗೆ

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ, ವಿರಾಜಪೇಟೆ ಕಡೆಯ ಕಾಫಿ ತೋಟಗಳಲ್ಲಿ ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿಕೊಂಡಿರುವ ಖಾಸಗಿ ಕೆರೆಗಳು ಸಾಮಾನ್ಯ. ಫೆಬ್ರವರಿ–ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ರೊಬಸ್ಟಾ ಗಿಡಗಳಿಗೆ ಸ್ಪ್ರಿಂಕ್ಲರ್ ಹಾಕಿಯೇ ಮೊಗ್ಗು ಅರಳಿಸಬೇಕಾಗಿರುವುದರಿಂದ, ಬೆಳೆಗಾರರ ಪಾಲಿಗೆ ಈ ಕೆರೆಗಳೇ ಆ ವರ್ಷದ ಫಸಲನ್ನು ತೀರ್ಮಾನಿಸುತ್ತವೆ. ಒಂದು ಎಕರೆಗೆ ಒಂದು ಇಂಚು ನೀರು ಕೊಡಲು ಸುಮಾರು 1 ಲಕ್ಷ ಲೀಟರ್ ಬೇಕು. ಒಂದು ಎಕರೆ ವಿಸ್ತಾರದಲ್ಲಿ ಸರಾಸರಿ 3 ಮೀಟರ್ ಆಳ ನಿಂತ ಕೆರೆಯಲ್ಲಿ ಸುಮಾರು 1.2 ಕೋಟಿ ಲೀಟರ್, ಅಂದರೆ 12,000 ಟನ್ ತೂಕದ ನೀರು ಇರುತ್ತದೆ. ಅಷ್ಟನ್ನೂ ತಡೆದು ನಿಲ್ಲಿಸಿರುವುದು ಯಾವ ಕಾಲದಲ್ಲೋ ಹಾಕಿದ, ಬಹುಪಾಲು ನಕ್ಷೆಯಾಗಲಿ ಲೆಕ್ಕವಾಗಲಿ ಇಲ್ಲದ ಒಂದು ಮಣ್ಣಿನ ದಿಬ್ಬ. ಅದರ ಕೆಳಗೆ ಗದ್ದೆ, ಪಂಪ್‌ಹೌಸ್, ಕೆಲವೆಡೆ ಕೂಲಿಕಾರರ ಲೈನ್ ಮನೆಗಳು ಇರುತ್ತವೆ.

ಇಂಥ ಏರಿ ಒಡೆಯುವುದು ನೀರಿನ ಒತ್ತಡಕ್ಕೆ ಒಮ್ಮೆಗೇ ಪಕ್ಕಕ್ಕೆ ಸರಿದು ಅಲ್ಲ. ಬಹುತೇಕ ಪ್ರಕರಣಗಳಲ್ಲಿ ನಾವು ಗೊತ್ತುಮಾಡದ ದಾರಿಯಲ್ಲಿ ನೀರು ಹೊರಹೋಗಲು ಶುರುಮಾಡಿರುತ್ತದೆ: ಒಂದೋ ಏರಿಯ ತಲೆಯ ಮೇಲಿಂದ, ಇಲ್ಲವೇ ಏರಿಯ ಹೊಟ್ಟೆಯೊಳಗಿಂದ. ಆದುದರಿಂದ ನಿರ್ವಹಣೆಯ ಕೆಲಸವೆಲ್ಲ ಕೋಡಿ (ಕೆರೆ ತುಂಬಿ ಹೆಚ್ಚಾದ ನೀರು ಹೊರಹೋಗುವ ದಾರಿ) ಮತ್ತು ತೂಬುಗಳನ್ನು (ಬೇಕಾದಾಗ ತೆರೆದು ನೀರು ಬಿಡುವ ಕಂಡಿ) ಬಿಟ್ಟು ಬೇರೆ ಯಾವ ದಾರಿಯನ್ನೂ ನೀರಿಗೆ ಕೊಡದಿರುವುದರ ಸುತ್ತಲೇ ಇದೆ.

ಹೊಣೆ ಯಾರದು

ಕೇಂದ್ರದ ಅಣೆಕಟ್ಟು ಸುರಕ್ಷತಾ ಕಾಯ್ದೆ, 2021 ಖಾಸಗಿ ಅಣೆಕಟ್ಟುಗಳಿಗೂ ಅನ್ವಯಿಸುತ್ತದೆ. ಆದರೆ ಅದರ ವ್ಯಾಪ್ತಿಗೆ ಬರುವುದು 15 ಮೀಟರ್‌ಗಿಂತ ಎತ್ತರದವು, ಮತ್ತು 10ರಿಂದ 15 ಮೀಟರ್ ಎತ್ತರವಿದ್ದು 500 ಮೀಟರ್ ಉದ್ದ ಅಥವಾ 10 ಲಕ್ಷ ಘನ ಮೀಟರ್ ಸಂಗ್ರಹದಂಥ ಷರತ್ತುಗಳಲ್ಲಿ ಒಂದನ್ನಾದರೂ ಪೂರೈಸುವಂಥವು. ತೋಟದ ಕೆರೆಗಳ ಏರಿ ಸಾಮಾನ್ಯವಾಗಿ 4ರಿಂದ 8 ಮೀಟರ್ ಒಳಗೇ ಇರುವುದರಿಂದ ಅವು ಈ ಕಾಯ್ದೆಯ ಹೊರಗೆ ಉಳಿಯುತ್ತವೆ. ಅವನ್ನು ಪರೀಕ್ಷಿಸಲು ಸರ್ಕಾರದ ಎಂಜಿನಿಯರ್ ತಾನಾಗಿ ಬರುವುದಿಲ್ಲ. ಅನೇಕರು ಇದನ್ನು ವಿನಾಯಿತಿ ಎಂದು ತಿಳಿದಿದ್ದಾರೆ. ವಾಸ್ತವದಲ್ಲಿ, ನೋಡುವವರು ಯಾರೂ ಇಲ್ಲದ ಕಾರಣ ಪೂರ್ತಿ ಹೊಣೆ ಮಾಲೀಕರ ತಲೆಯ ಮೇಲೆ ಬೀಳುತ್ತದೆ. ಜಮೀನಿನಲ್ಲಿ ಅಪಾಯದ ವಸ್ತುವನ್ನು ಕೂಡಿಟ್ಟವನು, ಅದು ತಪ್ಪಿಸಿಕೊಂಡು ನೆರೆಯವರಿಗೆ ಹಾನಿ ಮಾಡಿದರೆ ತನ್ನ ನಿರ್ಲಕ್ಷ್ಯ ಇಲ್ಲದಿದ್ದರೂ ಹೊಣೆಗಾರನಾಗುತ್ತಾನೆ ಎಂಬ ತತ್ವವನ್ನು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1868ರಲ್ಲಿ ಎತ್ತಿಹಿಡಿದದ್ದು ಇಂಥದೇ ಒಂದು ಖಾಸಗಿ ಕೆರೆಯ ಮೊಕದ್ದಮೆಯಲ್ಲಿ. ಗಿರಣಿ ಮಾಲೀಕನೊಬ್ಬ ಗುತ್ತಿಗೆದಾರರಿಂದ ಕಟ್ಟಿಸಿದ ಕೆರೆಯ ನೀರು ಹಳೆಯ ಗಣಿ ಸುರಂಗಗಳ ಮೂಲಕ ಪಕ್ಕದವನ ಕಲ್ಲಿದ್ದಲು ಗಣಿಗೆ ನುಗ್ಗಿತ್ತು. ಭಾರತದ ನ್ಯಾಯಾಲಯಗಳೂ ಈ ತತ್ವವನ್ನು ಒಪ್ಪಿವೆ. ‘ಕಂಟ್ರಾಕ್ಟರ್ ಸರಿಯಾಗಿ ಮಾಡಲಿಲ್ಲ’ ಎಂಬ ಸಬೂಬು ಅಂದೂ ನಡೆಯಲಿಲ್ಲ.

ಹಾನಿ ಎಷ್ಟರ ಮಟ್ಟಿಗೆ ಆಗಬಹುದು ಎಂಬುದಕ್ಕೆ ಕೆನ್ಯಾದ ಸೊಲಾಯ್ ಉದಾಹರಣೆ ಸಾಕು. 2018ರ ಮೇ 9ರ ರಾತ್ರಿ ಅಲ್ಲಿನ ಖಾಸಗಿ ಎಸ್ಟೇಟ್ ಒಂದರ ನೀರಾವರಿ ಅಣೆಕಟ್ಟು ಭಾರಿ ಮಳೆಯ ನಡುವೆ ಒಡೆದು, ಕೆಳಗಿನ ವಸತಿಯಲ್ಲಿದ್ದ 40ಕ್ಕೂ ಹೆಚ್ಚು ಜನ ಸತ್ತರು.

ಹಳ್ಳಕ್ಕೆ ಅಡ್ಡಲಾಗಿ ಹೊಸದಾಗಿ ಏರಿ ಹಾಕುವುದಾದರೆ, ಅಥವಾ ಇರುವ ಏರಿಯನ್ನು ಎತ್ತರಿಸುವುದಾದರೆ, ಮೊದಲು ಕಂದಾಯ ದಾಖಲೆಯಲ್ಲಿ ಅದು ಸರ್ಕಾರಿ ಹಳ್ಳವೋ ಅಲ್ಲವೋ ನೋಡಿ, ಸಣ್ಣ ನೀರಾವರಿ ಇಲಾಖೆಯನ್ನು ವಿಚಾರಿಸಿಯೇ ಮುಂದುವರಿಯಬೇಕು.

ಕೋಡಿ

ಕೆರೆಯ ಅಂಗಗಳಲ್ಲಿ ಅತ್ಯಂತ ಮುಖ್ಯವಾದದ್ದು ಕೋಡಿ. ಅತ್ಯಂತ ಕಡೆಗಣಿಸಲ್ಪಟ್ಟದ್ದೂ ಅದೇ. ಕಲ್ಲಿನ ಅಥವಾ ಕಾಂಕ್ರೀಟಿನ ಕಟ್ಟೆಯ ಮೇಲೆ ನೀರು ಹರಿದರೆ ಅದು ಕೆಲವು ಗಂಟೆ ತಡೆದೀತು, ಆದರೆ ಮಣ್ಣಿನ ಏರಿಯ ತಲೆ ಹಾಯ್ದು ನೀರು ಇಳಿಯತೊಡಗಿದರೆ ಹೊರಮೈಯ ಮಣ್ಣು ಕೊರೆದು, ಕೊರಕಲು ಹಿಂದೆ ಹಿಂದೆ ಸರಿಯುತ್ತಾ ಬಂದು, ಒಂದೆರಡು ಗಂಟೆಯೊಳಗೆ ಏರಿಯೇ ಬಾಯ್ದೆರೆಯಬಹುದು. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು ಅಣೆಕಟ್ಟಿನ ಮಣ್ಣಿನ ಭಾಗ ಕೊಚ್ಚಿಹೋಗಿ ಮೋರ್ಬಿ ಪಟ್ಟಣ ಮುಳುಗಿದ್ದು ಹೀಗೆಯೇ, ಬರುವ ಪ್ರವಾಹಕ್ಕೆ ಹೊರದಾರಿ ಸಾಲದೆ.

ನಿಮ್ಮ ಕೋಡಿ ಸಾಕಷ್ಟು ಅಗಲವಿದೆಯೇ ಎಂದು ತಿಳಿಯಲು ಒರಟು ಲೆಕ್ಕವೊಂದನ್ನು ಯಾರಾದರೂ ಮಾಡಬಹುದು. ಕೆರೆಗೆ ನೀರು ಬರುವ ಪ್ರದೇಶ 50 ಎಕರೆ ಎಂದಿಟ್ಟುಕೊಳ್ಳಿ. ಮಲೆನಾಡಿನ ಬಿರುಮಳೆಯಲ್ಲಿ ಅರ್ಧ ಗಂಟೆಯಷ್ಟು ಹೊತ್ತು ಗಂಟೆಗೆ 100 ಮಿಲಿಮೀಟರ್ ವೇಗದಲ್ಲಿ ಮಳೆ ಸುರಿದು, ನೆಲ ಮೊದಲೇ ನೆನೆದಿರುವುದರಿಂದ ಅದರ ಶೇ. 60ರಷ್ಟು ಹರಿದು ಬಂದರೆ, ಕೆರೆಗೆ ಸೆಕೆಂಡಿಗೆ ಸುಮಾರು 3,400 ಲೀಟರ್ ನೀರು ಸೇರುತ್ತದೆ. 5 ಮೀಟರ್ ಅಗಲದ ಕೋಡಿಯ ಮೇಲೆ 50 ಸೆಂಟಿಮೀಟರ್ ಎತ್ತರಕ್ಕೆ ನೀರು ಏರಿದಾಗ ಅದು ಹೊರಹಾಕಬಲ್ಲದ್ದು ಸೆಕೆಂಡಿಗೆ ಸುಮಾರು 3,000 ಲೀಟರ್. ಅಂದರೆ ಈ ಕೋಡಿ ಸಾಲದು. ಇನ್ನೂ ಒಂದು ಮೀಟರ್ ಅಗಲವಾದರೂ ಬೇಕು. ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಕೋಡಿಯ ಮೇಲಿನ ನೀರಿನ ಎತ್ತರ ಅರ್ಧಕ್ಕೆ, ಅಂದರೆ 25 ಸೆಂಟಿಮೀಟರ್‌ಗೆ ಇಳಿದರೆ ಹೊರಹರಿವು ಅರ್ಧವಾಗುವುದಿಲ್ಲ. ಮೂರರಲ್ಲಿ ಒಂದು ಪಾಲಿಗಿಂತ ಚೂರು ಹೆಚ್ಚು, ಸುಮಾರು 1,060 ಲೀಟರ್ ಮಾತ್ರ ಉಳಿಯುತ್ತದೆ. ‘ಕೋಡಿಗೆ ಅರ್ಧ ಅಡಿ ಹಲಗೆ ಇಟ್ಟರೆ ಏನಾದೀತು’ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಹಲಗೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಮಳೆಗಾಲದ ಕೊನೆಯಲ್ಲಿ ಇನ್ನಷ್ಟು ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಮರಳಿನ ಚೀಲ, ಹಲಗೆ, ಎರಡು ವರಸೆ ಸಿಮೆಂಟ್ ಇಟ್ಟಿಗೆ ಇಡುವುದು ಅನೇಕ ತೋಟಗಳಲ್ಲಿ ರೂಢಿಯಾಗಿದೆ. ನೀರಿನ ಬವಣೆ ಬಲ್ಲವರು ಅದನ್ನು ಟೀಕಿಸುವುದು ಕಷ್ಟ. ಆದರೂ ಅಕ್ಟೋಬರ್–ನವೆಂಬರ್‌ನಲ್ಲಿ ಚಂಡಮಾರುತದ ಮಳೆ ಒಂದೇ ರಾತ್ರಿಯಲ್ಲಿ ಸುರಿಯುವುದುಂಟು, ಮತ್ತು ಆ ರಾತ್ರಿ ಚೀಲ ತೆಗೆಯಲು ಯಾರೂ ಅಲ್ಲಿರುವುದಿಲ್ಲ. ಹೆಚ್ಚು ನೀರು ಬೇಕಿದ್ದರೆ ಏರಿಯನ್ನು ಕ್ರಮವಾಗಿ ಎತ್ತರಿಸಿ ಕೋಡಿಯನ್ನು ಅದಕ್ಕೆ ತಕ್ಕಂತೆ ಕಟ್ಟಿಸಬೇಕೇ ಹೊರತು, ಏರಿಯನ್ನು ಅಷ್ಟಕ್ಕೇ ಬಿಟ್ಟು ಕೋಡಿಯನ್ನು ಎತ್ತರಿಸಬಾರದು.

ಎರಡನೆಯ ರೂಢಿ ಮೀನಿನ ಬಲೆ. ಸಾಕಿದ ಮೀನು ಕೋಡಿ ನೀರಿನೊಂದಿಗೆ ಹೋಗದಿರಲೆಂದು ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ಕೋಡಿಗೆ ಅಡ್ಡ ಕಟ್ಟುತ್ತಾರೆ. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಸಿಲ್ವರ್ ಓಕ್ ತರಗು, ಕಾಫಿ ಗಿಡದ ಒಣ ರೆಂಬೆ, ಬಿದಿರೆಲೆಗಳೆಲ್ಲ ಒಟ್ಟಿಗೆ ಬಂದು ಆ ಬಲೆಗೆ ಮೆತ್ತಿಕೊಂಡಾಗ, ಬಲೆ ಬಲೆಯಾಗಿ ಉಳಿಯದೆ ಗೋಡೆಯಾಗುತ್ತದೆ. ಬಲೆ ಬೇಕೇಬೇಕೆನ್ನುವವರು ದೊಡ್ಡ ಕಣ್ಣಿನದನ್ನು ಬಳಸಿ, ಕೋಡಿಯಿಂದ ಎರಡು–ಮೂರು ಮೀಟರ್ ಹಿಂದಕ್ಕೆ ಕೆರೆಯೊಳಗೆ ಅರ್ಧಚಂದ್ರಾಕಾರವಾಗಿ ಹಾಕಿ, ಅದರ ಮೇಲಂಚು ಕೋಡಿಯ ಮಟ್ಟಕ್ಕಿಂತ ಒಂದು ಗೇಣು ಮಾತ್ರ ಮೇಲಿರುವಂತೆ ಕಟ್ಟಬೇಕು. ಕಸ ತುಂಬಿದರೂ ಅದರ ಮೇಲಿಂದ ನೀರು ಹಾಯ್ದು ಹೋಗುವಂತಿರಬೇಕು. ನನ್ನ ಅಭಿಪ್ರಾಯ ಕೇಳಿದರೆ, ನಾಲ್ಕು ಮೀನು ಹೋದರೆ ಹೋಗಲಿ.

ಕೋಡಿಯನ್ನು ಏರಿಯ ತುಂಬು ಮಣ್ಣಿನ ಮೇಲೆ ಕಟ್ಟದೆ, ಏರಿಯ ಒಂದು ಕೊನೆಯಲ್ಲಿ ಗುಡ್ಡದ ಗಟ್ಟಿ ನೆಲದಲ್ಲಿ ಕಡಿದಿರಬೇಕು. ಕೋಡಿ ನೀರು ಏರಿಯ ಬುಡವನ್ನು ಮುಟ್ಟದಂತೆ ಸಾಕಷ್ಟು ದೂರಕ್ಕೆ ಕಾಲುವೆಯಲ್ಲಿ ಹೋಗಿ, ಹಳ್ಳ ಸೇರುವಲ್ಲಿ ದಪ್ಪ ಕಲ್ಲಿನ ಹಾಸಿನ ಮೇಲೆ ಬೀಳಬೇಕು. ಕಾಲುವೆಯ ಕೊನೆಯಲ್ಲಿ ಗುಂಡಿ ಬಿದ್ದು ಅದು ವರ್ಷದಿಂದ ವರ್ಷಕ್ಕೆ ಮೇಲಕ್ಕೆ ಹತ್ತುತ್ತಿದ್ದರೆ, ಕೋಡಿಯ ಕಟ್ಟಡದ ಅಡಿಪಾಯ ತಲುಪುವ ಮೊದಲೇ ಅದನ್ನು ಕಲ್ಲಿನಿಂದ ತುಂಬಿ ನಿಲ್ಲಿಸಬೇಕು.

ಏರಿಯ ತಲೆ ಮಟ್ಟವಾಗಿದೆಯೇ

ಕೋಡಿಯ ಮಟ್ಟಕ್ಕಿಂತ ಏರಿಯ ತಲೆ ಕನಿಷ್ಠ 1 ಮೀಟರ್ ಮೇಲಿರಬೇಕು, ಮತ್ತು ಏರಿಯ ಉದ್ದಕ್ಕೂ ಹಾಗಿರಬೇಕು. ಮಣ್ಣು ವರ್ಷಗಳ ಕಾಲ ಕುಗ್ಗುತ್ತದೆ. ಕಣಿವೆಯ ನಡುಭಾಗದಲ್ಲಿ ತುಂಬು ಹೆಚ್ಚು ಎತ್ತರವಿರುವುದರಿಂದ ಅಲ್ಲೇ ಹೆಚ್ಚು ಕುಗ್ಗುತ್ತದೆ. ಹೀಗಾಗಿ ಕಟ್ಟಿದಾಗ ಸಮವಾಗಿದ್ದ ಏರಿಯ ನಡುವೆ ಈಗ ಒಂದೂವರೆ ಅಡಿ ತಗ್ಗು ಇರಬಹುದು, ಮತ್ತು ಪ್ರವಾಹದ ದಿನ ನೀರು ಹಾಯುವುದು ಸರಿಯಾಗಿ ಅಲ್ಲಿ, ಏರಿ ಅತಿ ಎತ್ತರವಿರುವಲ್ಲಿ. ಕಣ್ಣಳತೆಗೆ ಇದು ಕಾಣುವುದಿಲ್ಲ. ಗಾರೆ ಕೆಲಸದವರು ಬಳಸುವ ಪಾರದರ್ಶಕ ಲೆವೆಲ್ ಪೈಪಿನಲ್ಲಿ ನೀರು ತುಂಬಿ, ಕೋಡಿಯಿಂದ ಶುರುಮಾಡಿ ಹತ್ತು ಹತ್ತು ಮೀಟರಿಗೆ ಗೂಟ ಹೊಡೆದು ಮಟ್ಟ ಗುರುತಿಸುತ್ತಾ ಹೋದರೆ ಒಂದು ಬೆಳಗ್ಗೆಯಲ್ಲಿ ತಗ್ಗು ಎಲ್ಲಿದೆ ಎಂದು ಸ್ಪಷ್ಟವಾಗುತ್ತದೆ. ಆ ಗೂಟಗಳ ಬದಲು ಸಣ್ಣ ಕಾಂಕ್ರೀಟ್ ಕಂಬಗಳನ್ನು ಹೂತು ಬಣ್ಣ ಬಳಿದಿಟ್ಟರೆ, ಮುಂದಿನ ವರ್ಷಗಳಲ್ಲಿ ಏರಿ ಕುಗ್ಗುತ್ತಿದೆಯೇ, ಬಾಗುತ್ತಿದೆಯೇ ಎಂದು ಹೋಲಿಸಿ ನೋಡಲು ಅವೇ ಸಾಕ್ಷಿ.

ತಗ್ಗನ್ನು ತುಂಬುವಾಗ ಮೇಲಿನ ಹುಲ್ಲು ಮತ್ತು ಗೊಬ್ಬರದ ಮಣ್ಣನ್ನು ಕೆರೆದು, ಹಳೆಯ ಮೈಯನ್ನು ಗುದ್ದಲಿಯಿಂದ ಗೀರಿ, ಅಂಟಿರುವ ಕೆಂಪು ಜೇಡಿಮಣ್ಣನ್ನು 15 ಸೆಂಟಿಮೀಟರ್ ಪದರಗಳಲ್ಲಿ ಹಾಕಿ, ತೇವ ನೋಡಿ ದಮ್ಮಸು ಮಾಡಬೇಕು, ಅಂದರೆ ಗುದ್ದಿ ಗಟ್ಟಿಗೊಳಿಸಬೇಕು. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿದಾಗ ಉಂಡೆ ನಿಲ್ಲಬೇಕು, ಆದರೆ ಅಂಗೈಗೆ ನೀರು ಹತ್ತಬಾರದು. ಒಂದು ಎಚ್ಚರಿಕೆ ಮುಖ್ಯವಾದದ್ದು: ಜಂಬಿಟ್ಟಿಗೆಯ ಪದರದ ಕೆಳಗೆ ಸಿಗುವ, ಬಿಳಿ ಅಥವಾ ನಸುಗೆಂಪು ಬಣ್ಣದ ಶೇಡಿಮಣ್ಣನ್ನು ಏರಿಗೆ ಬಳಸಬಾರದು. ಒಣಗಿದಾಗ ಅದು ಕಲ್ಲಿನಂತೆ ಗಟ್ಟಿಯಾಗಿ ಕಾಣುತ್ತದೆ, ನೀರು ಹೀರಿದೊಡನೆ ಬಲ ಕಳೆದುಕೊಂಡು ಹಿಟ್ಟಿನ ಹಾಗೆ ಕೊಚ್ಚಿಹೋಗುತ್ತದೆ. ಜೆಸಿಬಿಯವರು ಹತ್ತಿರದ ಧರೆಯಿಂದ ಸುಲಭವಾಗಿ ಸಿಗುತ್ತದೆಂದು ಅದನ್ನೇ ತಂದು ಸುರಿಯುವುದುಂಟು.

ಏರಿಯ ಮೇಲೆ ಜೀಪು, ಪಿಕಪ್ ಓಡಾಡುವುದಾದರೆ ತಲೆಯ ಅಗಲ 3 ಮೀಟರ್‌ಗಿಂತ ಕಡಿಮೆ ಇರಬಾರದು. ಚಕ್ರದ ಜಾಡುಗಳಲ್ಲಿ ನೀರು ನಿಲ್ಲದಂತೆ ಪ್ರತಿ ಮಳೆಗಾಲಕ್ಕೆ ಮುಂಚೆ ಜಲ್ಲಿ ಮಣ್ಣು ಹಾಕಿ, ತಲೆಯನ್ನು ಕೆರೆಯ ಕಡೆಗೆ ತುಸು ಓರೆಯಾಗಿ ಇಡಬೇಕು. ಮಳೆನೀರು ಹೊರಮೈಗೆ ಇಳಿದರೆ ಕೊರಕಲು ಬೀಳುತ್ತದೆ.

ಒಸರು

ಮಣ್ಣಿನ ಏರಿಯಲ್ಲಿ ಸ್ವಲ್ಪ ನೀರು ಜಿನುಗುವುದು ಸಹಜ. ಎಷ್ಟು, ಎಲ್ಲಿ, ಯಾವ ಬಣ್ಣದ್ದು ಎಂಬುದೇ ಪ್ರಶ್ನೆ. ಇದನ್ನು ನೋಡಲು ಮಳೆಗಾಲ ಒಳ್ಳೆಯ ಸಮಯವಲ್ಲ, ಆಗ ಎಲ್ಲವೂ ಒದ್ದೆ. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ, ಕೆರೆ ತುಂಬಿದ್ದು ಮಳೆ ನಿಂತ ಮೇಲೆ, ಬೆಳಗಿನ ಓರೆ ಬಿಸಿಲಿನಲ್ಲಿ ಏರಿಯ ಹೊರಮೈಯ ಬುಡದುದ್ದಕ್ಕೂ ನಡೆದು ನೋಡಬೇಕು. ಸುತ್ತಲಿನ ಹುಲ್ಲು ಒಣಗಿರುವಾಗ ಒಂದು ಕಡೆ ಮಾತ್ರ ಹಚ್ಚಗಿದ್ದರೆ, ಕೆಸವು ಅಥವಾ ಜೊಂಡು ಬೆಳೆದಿದ್ದರೆ, ಕಾಲಿಟ್ಟಾಗ ನೆಲ ಮೆತ್ತಗೆ ಕುಸಿದರೆ, ಅಲ್ಲಿ ನೀರು ಬರುತ್ತಿದೆ. ಏರಿಯ ಬುಡದಲ್ಲಿ ಒದ್ದೆ ಇದ್ದರೆ ಗಮನದಲ್ಲಿಟ್ಟು ನೋಡುತ್ತಿದ್ದರೆ ಸಾಕು. ಹೊರಮೈಯ ಅರ್ಧ ಎತ್ತರದಲ್ಲಿ ಒದ್ದೆ ಕಂಡರೆ ಏರಿಯ ಹೊಟ್ಟೆ ನೀರು ಕುಡಿದಿದೆ ಎಂದು ಅರ್ಥ, ಅನುಭವಿ ಎಂಜಿನಿಯರ್ ಒಬ್ಬರನ್ನು ಕರೆಸಲೇಬೇಕು.

ಜಿನುಗುವ ನೀರನ್ನು ಸಣ್ಣ ಮಣ್ಣುಕಟ್ಟೆ ಮಾಡಿ ಒಂದು ಪಿವಿಸಿ ಪೈಪಿನ ತುಂಡಿನ ಮೂಲಕ ಹಾಯಿಸಿದರೆ ಅಳೆಯಲು ಸುಲಭ. 10 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕಾಯಿತೆಂದು ಗಡಿಯಾರ ನೋಡಿ ಬರೆದಿಡಬೇಕು. ಜೊತೆಗೆ ಆ ದಿನ ಕೆರೆಯಲ್ಲಿ ನೀರಿನ ಮಟ್ಟ ಎಷ್ಟಿತ್ತೆಂಬುದನ್ನೂ ಬರೆಯಬೇಕು. 20 ಸೆಕೆಂಡಿಗೆ ತುಂಬಿದರೆ ದಿನಕ್ಕೆ ಸುಮಾರು 43,000 ಲೀಟರ್ ಹೋಗುತ್ತಿದೆ. ಈ ಅಂಕಿಯಷ್ಟೇ ಭಯಪಡುವಂಥದ್ದಲ್ಲ. ಕೆರೆಯ ಮಟ್ಟ ಅಷ್ಟೇ ಇದ್ದೂ ಒಸರು ವಾರದಿಂದ ವಾರಕ್ಕೆ ಹೆಚ್ಚಿದರೆ ಭಯಪಡಬೇಕು. ನೀರು ಕದಡಿ ಬಂದರೆ ಇನ್ನೂ ಹೆಚ್ಚು: ಏರಿಯ ಒಳಗಿನ ಮಣ್ಣು ಕಣಕಣವಾಗಿ ಹೊರಬರುತ್ತಿದೆ, ಒಳಗೊಂದು ಕೊಳವೆ ಹುಟ್ಟುತ್ತಿದೆ. ಕಣ್ಣಿಗೆ ತಿಳಿಯಾಗಿ ಕಂಡರೂ ಗಾಜಿನ ಬಾಟಲಿಯೊಂದರಲ್ಲಿ ಆ ನೀರನ್ನು ತುಂಬಿ ರಾತ್ರಿಯಿಡೀ ಅಲುಗಾಡಿಸದೆ ಇಟ್ಟು ನೋಡಬೇಕು. ಬೆಳಗ್ಗೆ ತಳದಲ್ಲಿ ಮಣ್ಣಿನ ತೆಳುಪದರ ನಿಂತಿದ್ದರೆ ಸಂಶಯವೇ ಇಲ್ಲ.

ಇಲ್ಲಿ ಬಹುತೇಕರು ಮಾಡುವುದು ತದ್ವಿರುದ್ಧ ಕೆಲಸ. ಹೊರಮೈಯಲ್ಲಿ ನೀರು ಬರುವ ಬಾಯಿಗೆ ಸಿಮೆಂಟ್ ಮೆತ್ತುತ್ತಾರೆ, ಜೇಡಿಮಣ್ಣು ತುರುಕುತ್ತಾರೆ. ಹೊರದಾರಿ ಮುಚ್ಚಿದ ನೀರು ಏರಿಯೊಳಗೇ ಒತ್ತಡ ಹೆಚ್ಚಿಸಿಕೊಂಡು, ಹೊರಮೈಯನ್ನು ಮೆತ್ತಗೆ ಮಾಡಿ, ಸ್ವಲ್ಪ ದಿನದಲ್ಲಿ ಪಕ್ಕದಲ್ಲೇ ಮತ್ತೊಂದು ಬಾಯಿ ತೆರೆಯುತ್ತದೆ. ಸರಿಯಾದ ಕ್ರಮ ನೀರನ್ನು ಬಿಟ್ಟು ಮಣ್ಣನ್ನು ತಡೆಯುವುದು. ಒಸರುವ ಜಾಗದ ಹುಲ್ಲು ತೆಗೆದು, ಮೊದಲು ತೊಳೆದ ಒರಟು ಮರಳನ್ನು ಒಂದು ಅಡಿಯಷ್ಟು, ಅದರ ಮೇಲೆ ಬೇಬಿ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ, ಕೊನೆಗೆ ಭಾರಕ್ಕೆ ಸೈಜುಗಲ್ಲುಗಳನ್ನು, ಒಸರಿನ ಸುತ್ತ ಒಂದೆರಡು ಮೀಟರ್ ಹೆಚ್ಚೇ ಆವರಿಸುವಂತೆ ಹಾಸಬೇಕು. ಮನೆಯಲ್ಲಿ ಡಿಕಾಕ್ಷನ್ ಇಳಿಸುವ ಫಿಲ್ಟರಿನಂತೆ ಇದು ನೀರನ್ನು ಬಿಡುತ್ತದೆ, ಪುಡಿಯನ್ನು ಹಿಡಿದಿಡುತ್ತದೆ. ನೀರು ತಿಳಿಯಾದರೆ ತಾತ್ಕಾಲಿಕವಾಗಿ ಗೆದ್ದಂತೆ. ನೀರಿನ ದಾರಿಯನ್ನು ಮುಚ್ಚುವ ಕೆಲಸ ಬೇಸಿಗೆಯಲ್ಲಿ ಕೆರೆ ಇಳಿದಾಗ ನೀರಿನ ಬದಿಯ ಒಳಮೈಯ ಕಡೆಯಿಂದ, ಜೇಡಿಮಣ್ಣಿನ ಹೊದಿಕೆ ಹಾಕಿ ಆಗಬೇಕು.

ಬಿರುಕುಗಳ ವಿಷಯವನ್ನೂ ಇಲ್ಲೇ ಹೇಳಬಹುದು. ಬೇಸಿಗೆಯಲ್ಲಿ ಜೇಡಿಮಣ್ಣು ಒಣಗಿ ಬಿಡುವ ಗೀರುಗಳು ಗೇಣುದ್ದ ಆಳಕ್ಕಿಂತ ಇಳಿಯದಿದ್ದರೆ ಮಣ್ಣು ತುಂಬಿ ದಮ್ಮಸು ಮಾಡಿದರಾಯಿತು. ಏರಿಗೆ ಅಡ್ಡಲಾಗಿ, ಅಂದರೆ ಕೆರೆಯಿಂದ ಹೊರಗಿನ ಕಡೆಗೆ ಸಾಗುವ ಬಿರುಕು ನೀರಿಗೆ ನೇರ ದಾರಿ. ಏರಿಯ ಉದ್ದಕ್ಕೆ ಬಿಲ್ಲಿನಾಕಾರದಲ್ಲಿ ಬಾಗಿ, ಒಂದು ಬದಿ ಕೆಳಕ್ಕೆ ಇಳಿದಂತೆ ಕಾಣುವ ಬಿರುಕು ಆ ಬದಿಯೇ ಜಾರಲು ಹೊರಟಿರುವ ಸೂಚನೆ. ಎರಡರಲ್ಲಿ ಯಾವುದನ್ನು ಕಂಡರೂ ಬಿರುಕಿನ ಕೊನೆಗಳಿಗೆ ಗೂಟ ಹೊಡೆದು ದಿನಾಂಕ ಬರೆದು, ಅದರೊಳಗೆ ಮಳೆನೀರು ಹೋಗದಂತೆ ಟಾರ್ಪಾಲು ಮುಚ್ಚಿ, ಕೆರೆಯ ಮಟ್ಟ ಇಳಿಸಲು ಶುರುಮಾಡಬೇಕು.

ಮರ, ಬಿಲ, ಆನೆ

ಏರಿಯ ಮೇಲೆ ಹುಲ್ಲು ಬಿಟ್ಟು ಬೇರೇನೂ ಬೆಳೆಯಬಾರದು. ಗರಿಕೆ ಉತ್ತಮ, ಹೊರಮೈಯಲ್ಲಿ ಅಡ್ಡ ಸಾಲುಗಳಲ್ಲಿ ಲಾವಂಚ ನೆಟ್ಟರೆ ಕೊರಕಲು ತಡೆಯುತ್ತದೆ. ಖಾಲಿ ಜಾಗ ಕಂಡರೆ ಸಿಲ್ವರ್ ಓಕ್ ನೆಟ್ಟು ಮೆಣಸು ಹಬ್ಬಿಸುವ ನಮ್ಮ ಚಾಳಿ ಏರಿಯ ಮೇಲೆ ಬೇಡ. ಗಾಳಿಗೆ ಮರ ಬುಡಮೇಲಾದರೆ ಏರಿಯ ಒಂದು ತುತ್ತನ್ನೇ ಕಿತ್ತುಕೊಂಡು ಬೀಳುತ್ತದೆ. ಕಡಿದರೆ ಬೇರು ಕೆಲವು ವರ್ಷಗಳಲ್ಲಿ ಕೊಳೆತು ಒಳಗೆ ಕೊಳವೆ ಉಳಿಯುತ್ತದೆ. ಆದುದರಿಂದ ತೋಳಿನ ದಪ್ಪಕ್ಕೆ ಬರುವ ಮೊದಲೇ ಗಿಡಗಳನ್ನು ಕಿತ್ತುಹಾಕಬೇಕು. ಈಗಾಗಲೇ ದೊಡ್ಡ ಮರವಿದ್ದರೆ ಕೊಡಲಿ ಹಾಕಿ ಬುಡ ಬಿಟ್ಟುಬಿಡುವುದಲ್ಲ. ಬೇಸಿಗೆಯಲ್ಲಿ ಕೆರೆ ತಗ್ಗಿದಾಗ ಬುಡ ಮತ್ತು ಮುಖ್ಯ ಬೇರುಗಳನ್ನು ಅಗೆದು ತೆಗೆದು, ಗುಂಡಿಯನ್ನು ಪದರ ಪದರವಾಗಿ ಜೇಡಿಮಣ್ಣಿನಿಂದ ತುಂಬಿ ಗುದ್ದಬೇಕು. ಲಂಟಾನ, ಕಮ್ಯುನಿಸ್ಟ್ ಗಿಡಗಳನ್ನು ವರ್ಷಕ್ಕೆ ಎರಡು ಸಲ ಕಡಿಸುವುದರ ಮುಖ್ಯ ಪ್ರಯೋಜನ ಅಂದವಲ್ಲ. ಪೊದೆಯ ಕೆಳಗಿನ ಬಿಲ, ಒಸರು, ಬಿರುಕುಗಳು ಕಣ್ಣಿಗೆ ಬೀಳಲಿ ಎಂದು.

ಹೆಗ್ಗಣ, ಏಡಿ, ಮುಳ್ಳುಹಂದಿಗಳು ಏರಿಯಲ್ಲಿ ಬಿಲ ತೋಡುತ್ತವೆ. ಗೆದ್ದಲಿನ ಹುತ್ತದ ಕೆಳಗೂ ಟೊಳ್ಳು ಇರುತ್ತದೆ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆದಾಗ ಸಚಿವರೊಬ್ಬರು ಏಡಿಗಳ ಮೇಲೆ ಹೊಣೆ ಹೊರಿಸಿ ನಗೆಗೀಡಾದರು. ಊರಿನವರು ಸೋರಿಕೆಯ ಬಗ್ಗೆ ಮೊದಲೇ ದೂರಿಕೊಂಡಿದ್ದರು. ಏಡಿ ಬಿಲ ತೋಡುವುದು ನಿಜ, ಅದನ್ನು ಮುಚ್ಚದೆ ಬಿಟ್ಟವರು ಏಡಿಗಳಲ್ಲ. ಸಣ್ಣ ಬಿಲಕ್ಕೆ ನೀರು ಬೆರೆಸಿ ಗಂಜಿಯಂತೆ ಮಾಡಿದ ಜೇಡಿಮಣ್ಣನ್ನು ಕೊಳವೆಯ ಮೂಲಕ ಹೊಯ್ದು, ಇಳಿದಷ್ಟೂ ಮತ್ತೆ ತುಂಬಬೇಕು. ದೊಡ್ಡ ಬಿಲವನ್ನು ಕೊನೆಯವರೆಗೆ ಅಗೆದು ತುಂಬಬೇಕು. ಮುಳ್ಳುಹಂದಿ ವನ್ಯಜೀವಿಯಾದ್ದರಿಂದ ಉರುಳು, ಮದ್ದುಗಳ ಯೋಚನೆ ಬೇಡ. ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಕಾಡಾನೆ ಬರುವ ಪ್ರದೇಶಗಳಲ್ಲಿ ಆನೆಗಳು ನೀರಿಗಿಳಿಯುವ ದಾರಿಯೇ ಏರಿಯ ಒಳಮೈಯಾಗಿದ್ದರೆ ಅಲ್ಲಿ ಕಲ್ಲುಹಾಸು ಕಿತ್ತು ಮಣ್ಣು ಜಾರಿರುತ್ತದೆ. ಅವನ್ನು ತಡೆಯುವುದಾಗದ ಮಾತು. ಏರಿಯಿಂದ ದೂರದ ದಂಡೆಯಲ್ಲಿ ಇಳಿಜಾರಿನ ಕಡಿದನ್ನು ತಗ್ಗಿಸಿ ಸುಲಭದ ದಾರಿ ಮಾಡಿಕೊಟ್ಟರೆ ಏರಿಗೂ ಕ್ಷೇಮ, ಮರಿಯಾನೆ ಕೆರೆಯಲ್ಲಿ ಸಿಕ್ಕಿಕೊಳ್ಳುವುದೂ ತಪ್ಪುತ್ತದೆ.

ತೂಬು ಮತ್ತು ಪೈಪು

ಏರಿಯ ಅಡಿಯಲ್ಲಿ ಹಾಯುವ ಪೈಪಿನ ಹೊರಮೈಗುಂಟ ಮಣ್ಣು ಸರಿಯಾಗಿ ಕೂರುವುದಿಲ್ಲ, ಆದ್ದರಿಂದ ನೀರು ಆ ಜಾಡು ಹಿಡಿಯುವುದು ಹೆಚ್ಚು. ಪೈಪಿನ ಹೊರತುದಿಯಲ್ಲಿ, ಪೈಪಿನೊಳಗಿಂದಲ್ಲದೆ ಅದರ ಸುತ್ತ ನೀರು ಬರುತ್ತಿದ್ದರೆ ಮೇಲೆ ಹೇಳಿದ ಮರಳು–ಜಲ್ಲಿಯ ಫಿಲ್ಟರನ್ನು ಪೈಪಿನ ಸುತ್ತ ಕೂಡಲೇ ಹಾಕಬೇಕು. ಗೇಟು ಅಥವಾ ವಾಲ್ವ್ ಕೆರೆಯ ಒಳಬದಿಯಲ್ಲಿರಬೇಕು. ಹೊರಬದಿಯಲ್ಲಿ ಮಾತ್ರ ಇದ್ದರೆ ಏರಿಯ ಹೊಟ್ಟೆಯೊಳಗಿನ ಪೈಪು ಸದಾ ಒತ್ತಡದಲ್ಲಿರುತ್ತದೆ, ತುಕ್ಕು ಹಿಡಿದು ತೂತಾದ ದಿನ ನೀರು ನೇರ ಏರಿಯೊಳಕ್ಕೆ ನುಗ್ಗುತ್ತದೆ. ವರ್ಷಕ್ಕೆ ಎರಡು ಸಲವಾದರೂ ವಾಲ್ವನ್ನು ಪೂರ್ತಿ ತೆರೆದು ಮುಚ್ಚಿ ನೋಡದಿದ್ದರೆ ಬೇಕಾದ ದಿನ ಅದು ತಿರುಗುವುದಿಲ್ಲ. ಹೊಸದಾಗಿ ಪೈಪು ಹಾಯಿಸಲು ಏರಿಯನ್ನು ಕಡಿಯಬೇಡಿ. ಪಂಪಿನ ಪೈಪು ಏರಿಯ ತಲೆಯ ಮೇಲಿಂದ ಹೋಗಲಿ.

ಬೇಸಿಗೆಯ ನೀರೆತ್ತುವಿಕೆ ಮತ್ತು ಹೂಳು

ಕೆರೆ ತುಂಬಿದಾಗಲೇ ಅಪಾಯ ಎಂದುಕೊಂಡವರಿಗೆ ಆಶ್ಚರ್ಯವಾಗಬಹುದು, ಏರಿಯ ಒಳಮೈ ಜಾರುವುದು ಹೆಚ್ಚಾಗಿ ಕೆರೆ ಬೇಗ ಖಾಲಿಯಾದಾಗ. ತಿಂಗಳುಗಟ್ಟಲೆ ನೆನೆದ ಒಳಮೈಯ ಮಣ್ಣು ನೀರಿನ ತೂಕವನ್ನು ಹೊತ್ತೇ ಇರುತ್ತದೆ, ಅದನ್ನು ಎದುರಿನಿಂದ ಒತ್ತಿ ಹಿಡಿದಿದ್ದ ಕೆರೆಯ ನೀರು ಮಾತ್ರ ಇಲ್ಲವಾಗುತ್ತದೆ. ದಿನಕ್ಕೆ ಒಂದು ಅಡಿಗಿಂತ ಹೆಚ್ಚು ಇಳಿಸಬಾರದು ಎಂಬುದು ಸಾಮಾನ್ಯ ನಿಯಮ. ಒಂದು ಎಕರೆ ವಿಸ್ತಾರದ ಕೆರೆಯಿಂದ ದಿನಕ್ಕೆ 10 ಎಕರೆ ತೋಟಕ್ಕೆ ಒಂದು ಇಂಚಿನಂತೆ ಸ್ಪ್ರಿಂಕ್ಲರ್ ಹಾಕಿದರೆ ಮಟ್ಟ 25 ಸೆಂಟಿಮೀಟರ್ ಇಳಿಯುತ್ತದೆ, ಅದು ಮಿತಿಯೊಳಗಿದೆ. ಎರಡು ಪಂಪ್ ಹಚ್ಚಿ 20 ಎಕರೆ ಮುಗಿಸಹೊರಟರೆ ಅರ್ಧ ಮೀಟರ್ ಇಳಿಯುತ್ತದೆ. ಒಳಮೈ ಕಡಿದಾಗಿದ್ದರೆ ಅದು ದುಡುಕು. ಒಳಮೈಯ ಇಳಿಜಾರು ಒಂದಕ್ಕೆ ಎರಡೂವರೆಯಿಂದ ಮೂರರಷ್ಟು (ಒಂದು ಮೀಟರ್ ಎತ್ತರಕ್ಕೆ ಎರಡೂವರೆಯಿಂದ ಮೂರು ಮೀಟರ್ ಅಡ್ಡ ಹರಹು), ಹೊರಮೈ ಒಂದಕ್ಕೆ ಎರಡರಷ್ಟು ಇರುವುದು ಸುರಕ್ಷಿತ.

ಹೂಳೆತ್ತುವಾಗ ಏರಿಯ ಬುಡಕ್ಕೆ ಜೆಸಿಬಿ ತರಬಾರದು. ಏರಿಯ ಎತ್ತರದ ಎರಡು–ಮೂರು ಪಟ್ಟು ದೂರವನ್ನು ಒಳಬುಡದಿಂದ ಬಿಟ್ಟು, ಆಚೆಗೆ ಅಗೆಯಬೇಕು. ಬುಡದಲ್ಲಿ ಕೂತ ನುಣ್ಣನೆಯ ಹೂಳು ನೀರು ಸೋರದಂತೆ ತಡೆದಿರುತ್ತದೆ. ಅದನ್ನು ಕೆರೆದುಹಾಕಿದ ಮರುವರ್ಷವೇ ‘ಕೆರೆ ನೀರು ಹಿಡಿಯುತ್ತಿಲ್ಲ’ ಎಂಬ ದೂರು ಶುರುವಾಗುತ್ತದೆ.

ಅನಾಹುತದ ರಾತ್ರಿ

ನೀರು ಏರಿಯ ತಲೆಗೆ ಒಂದು ಅಡಿ ಉಳಿದಿದ್ದರೆ, ಒಸರು ದಿಢೀರನೆ ಕದಡಿ ಹೆಚ್ಚಿದರೆ, ಹೊರಮೈ ಜಾರಿದರೆ, ಅಥವಾ ನೀರು ಸುಳಿಯಾಗಿ ಒಳಕ್ಕೆ ಸೆಳೆಯುವುದು ಕೆರೆಯಲ್ಲಿ ಕಂಡರೆ, ಮೊದಲು ಮಾಡಬೇಕಾದದ್ದು ಏರಿಯ ರಿಪೇರಿಯಲ್ಲ. ಕೆಳಗಿರುವ ಲೈನ್ ಮನೆಗಳನ್ನು ಖಾಲಿ ಮಾಡಿಸಿ, ಕಣಿವೆಯ ಕೆಳಗಿನ ನೆರೆಯವರಿಗೂ ಅವರ ಕೆರೆಗಳ ಮಾಲೀಕರಿಗೂ ಫೋನ್ ಮಾಡಿ, 112ಕ್ಕೆ ಮತ್ತು ಜಿಲ್ಲಾ ತುರ್ತು ಕೇಂದ್ರದ 1077ಕ್ಕೆ ತಿಳಿಸಬೇಕು. ಒಂದೇ ಹಳ್ಳದ ಮೇಲೆ ಸಾಲಾಗಿ ಕೆರೆಗಳಿದ್ದರೆ ಮೇಲಿನದೊಂದು ಒಡೆದು ಬಂದ ನೀರನ್ನು ಕೆಳಗಿನ ಯಾವ ಕೋಡಿಯೂ ತಾಳುವುದಿಲ್ಲ. ಆ ನಂಬರುಗಳು ತೋಟದ ಮೇಲ್ವಿಚಾರಕ ರೈಟರ ಫೋನಿನಲ್ಲಿ ಮಾತ್ರ ಇದ್ದರೆ ಸಾಲದು. ಮಳೆಗೆ ಸಿಗ್ನಲ್ ಹೋಗುವ ಜಾಗಗಳಲ್ಲಿ ಯಾರು ಓಡಿಹೋಗಿ ಯಾವ ಮನೆಯ ಬಾಗಿಲು ಬಡಿಯಬೇಕು, ಜನ ಯಾವ ಎತ್ತರದ ಜಾಗ ಸೇರಬೇಕು ಎಂಬುದನ್ನು ಮೇ ತಿಂಗಳಲ್ಲೇ ಮಾತಾಡಿ ಗೊತ್ತುಮಾಡಬೇಕು.

ಆಮೇಲೆ ನೀರು ಇಳಿಸುವ ಕೆಲಸ. ತೂಬು ಪೂರ್ತಿ ತೆರೆಯಬೇಕು, ಕೋಡಿಯ ಕಸ, ಬಲೆ, ಹಲಗೆ ಕಿತ್ತೆಸೆಯಬೇಕು, ಇರುವ ಪಂಪುಗಳನ್ನೆಲ್ಲ ಹಚ್ಚಬೇಕು. ನೀರಿನ ಮಟ್ಟದಿಂದ ಏರಿಯ ತಲೆ 5 ಮೀಟರ್ ಒಳಗಿದ್ದರೆ ಸ್ಪ್ರಿಂಕ್ಲರಿನ ದಪ್ಪ ಪೈಪುಗಳನ್ನು ಏರಿಯ ಮೇಲಿಂದ ಹಾಸಿ, ನೀರು ತುಂಬಿ ಸೈಫನ್ ಮಾಡಬಹುದು. ಅದಕ್ಕೆ ಕರೆಂಟು ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ ಕೋಡಿಯ ಆಚೆ, ಗುಡ್ಡದ ಗಟ್ಟಿ ನೆಲದಲ್ಲಿ ಇನ್ನೊಂದು ಕಾಲುವೆ ಕಡಿಯಬಹುದು, ಆದರೆ ಏರಿಯ ತುಂಬು ಮಣ್ಣನ್ನು ಒಂದು ಹಾರೆಯಷ್ಟೂ ಕಡಿಯಬಾರದು. ಒಸರಿನ ಬಾಯಿಯಲ್ಲಿ ಮಣ್ಣು ಉಕ್ಕುತ್ತಿದ್ದರೆ ಅದರ ಸುತ್ತ ಮರಳಿನ ಚೀಲಗಳ ಬಳೆ ಕಟ್ಟಿ ನೀರು ಅಲ್ಲೇ ಎರಡು–ಮೂರು ಅಡಿ ನಿಲ್ಲುವಂತೆ ಮಾಡಿದರೆ ಒತ್ತಡ ತಗ್ಗಿ ಮಣ್ಣು ಬರುವುದು ನಿಧಾನವಾಗುತ್ತದೆ. ಕತ್ತಲಲ್ಲಿ ಒಬ್ಬರೇ ಏರಿಯ ಮೇಲೆ ಹೋಗಬಾರದು. ಮಳೆಗಾಲಕ್ಕೆ ಮುಂಚೆ ನೂರು ಖಾಲಿ ಚೀಲ, ಒಂದು ಟಿಪ್ಪರ್ ಮರಳು, ಜಲ್ಲಿ, ಟಾರ್ಪಾಲು, ಹಗ್ಗ, ಟಾರ್ಚ್‌ಗಳನ್ನು ಏರಿಯ ಹತ್ತಿರದ ಶೆಡ್ಡಿನಲ್ಲಿ ಇಟ್ಟಿರಬೇಕು.

ಮುಳುಗಿ ಸಾಯುವವರ ವಿಷಯವನ್ನು ಮರೆಯುವಂತಿಲ್ಲ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಕ್ಕೆ ಬಿದ್ದವರು ಈಜು ಬಲ್ಲವರಾದರೂ ಜಾರುವ ದಂಡೆ ಹತ್ತಲಾರರು. ಸುತ್ತ ಬೇಲಿ, ಒಳಕ್ಕೆ ಇಳಿಬಿಟ್ಟ ಗಂಟು ಹಾಕಿದ ಹಗ್ಗಗಳು, ಗಾಳಿ ತುಂಬಿದ ಒಂದು ಲಾರಿ ಟ್ಯೂಬು, ಇಷ್ಟು ಇರಲೇಬೇಕು.

ಏರಿಯ ಪುಸ್ತಕ

ಒಂದು ನೋಟ್‌ಬುಕ್ಕಿನಲ್ಲಿ ಕೆರೆಯ ಮಟ್ಟ, ಮಳೆ, ಒಸರಿನ ಅಳತೆ, ಕಂಡ ಬಿಲ–ಬಿರುಕುಗಳು, ಮಾಡಿಸಿದ ಕೆಲಸ, ಇವನ್ನು ದಿನಾಂಕದೊಂದಿಗೆ ಬರೆಯುತ್ತಾ ಹೋಗಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮತ್ತು ಪ್ರತಿ ದೊಡ್ಡ ಮಳೆಯ ಮರುದಿನ, ಉಳಿದಂತೆ ತಿಂಗಳಿಗೊಮ್ಮೆ ಏರಿ ನಡೆದು ನೋಡಿದರೆ ಸಾಕು. ಪ್ರತಿ ಬಾರಿ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆದರೆ ಹೋಲಿಸಲು ಸುಲಭ. ಎಂಜಿನಿಯರ್ ಬಂದಾಗ ಅವರು ಮೊದಲು ಕೇಳುವುದು ‘ಇದು ಯಾವಾಗಿನಿಂದ ಹೀಗಿದೆ’ ಎಂದು. ಉತ್ತರ ಆ ಪುಸ್ತಕದಲ್ಲಿರಬೇಕು. ತೋಟ ಮಾರುವಾಗ ಅಥವಾ ಪಾಲಾಗುವಾಗ ಪತ್ರಗಳೊಂದಿಗೆ ಅದನ್ನೂ ಒಪ್ಪಿಸಬೇಕು.

ಇಷ್ಟೆಲ್ಲ ನೋಡಿಕೊಳ್ಳಲು ಆಳಾಗಲಿ ಹಣವಾಗಲಿ ಇಲ್ಲ, ಕೆರೆಯ ನೀರೂ ಅಷ್ಟಾಗಿ ಬಳಕೆಯಾಗುತ್ತಿಲ್ಲ ಎನ್ನುವವರಿಗೆ ಒಂದು ದಾರಿ ಇದೆ: ಬೇಸಿಗೆಯಲ್ಲಿ ಕೋಡಿಯ ಮಟ್ಟವನ್ನು ಒಂದು ಅಥವಾ ಒಂದೂವರೆ ಮೀಟರ್ ಶಾಶ್ವತವಾಗಿ ತಗ್ಗಿಸಿ ಅಗಲಗೊಳಿಸುವುದು. ನಿಲ್ಲುವ ನೀರು ಅರ್ಧಕ್ಕೆ ಇಳಿಯಬಹುದು, ಆದರೆ ಏರಿಯ ಮೇಲಿನ ಒತ್ತಡವೂ ಬಹಳಷ್ಟು ತಗ್ಗುತ್ತದೆ. ದನಕರುಗಳಿಗೆ ಮತ್ತು ಅಂತರ್ಜಲಕ್ಕೆ ಉಳಿದ ನೀರು ಸಾಕಾಗುತ್ತದೆ. ಮುಂದೆ ಯಾರಾದರೂ ಏರಿಯನ್ನು ಕ್ರಮವಾಗಿ ದುರಸ್ತಿ ಮಾಡಿಸಿದರೆ ಕೋಡಿಯನ್ನು ಮತ್ತೆ ಎತ್ತರಿಸಿಕೊಳ್ಳಬಹುದು.